ಬಾಡಿಗೆ ಮನೆಗೆ ಪೋರ್ಟಬಲ್ ಎಸಿ: ಮೊದಲು ಕಿಟಕಿ, ಆಮೇಲೆ ಯಂತ್ರ

ಮಾರ್ಚ್ ಬಂತೆಂದರೆ ಪರಿಚಯದವರಿಂದ ನನಗೆ ಒಂದೇ ಬಗೆಯ ದೂರು ಬರತೊಡಗುತ್ತದೆ. ಮೂವತ್ತು ನಲವತ್ತು ಸಾವಿರ ಕೊಟ್ಟು ಪೋರ್ಟಬಲ್ ಎಸಿ (ಚಕ್ರದ ಮೇಲೆ ನೆಲದಲ್ಲೇ ನಿಂತು, ಬಿಸಿಗಾಳಿಯನ್ನು ಪೈಪಿನಿಂದ ಹೊರಗೆ ಬಿಡುವ ಎಸಿ) ತಂದಿದ್ದಾಯಿತು, ಅದರ ಮುಂದೆ ಕೂತರೆ ತಂಪು, ಎದ್ದು ಮಂಚಕ್ಕೆ ಹೋದರೆ ಮತ್ತೆ ಅದೇ ಸೆಕೆ. ನಾನು ಕೇಳುವುದು ಒಂದೇ ಪ್ರಶ್ನೆ: ಬಿಸಿಗಾಳಿಯ ಪೈಪನ್ನು ಎಲ್ಲಿಗೆ ಬಿಟ್ಟಿದ್ದೀರಿ? ಬಾಗಿಲ ಸಂದಿಗೆ ಎನ್ನುತ್ತಾರೆ, ಬಚ್ಚಲಿಗೆ ಎನ್ನುತ್ತಾರೆ. ಒಬ್ಬರಂತೂ ‘ಯಾವ ಪೈಪು?’ ಎಂದು ನನ್ನನ್ನೇ ಕೇಳಿದ್ದರು. ಪೈಪು ಡಬ್ಬಿಯೊಳಗೆ ಹಾಗೆಯೇ ಕೂತಿತ್ತು.

ಯಂತ್ರ ಕೆಟ್ಟದ್ದೆಂದು ಎಲ್ಲರೂ ಬೈಯುತ್ತಾರೆ. ಹತ್ತರಲ್ಲಿ ಎಂಟು ಮಂದಿಯ ವಿಷಯದಲ್ಲಿ ಕೆಟ್ಟಿರುವುದು ಕೆಲಸದ ಅನುಕ್ರಮ. ಅವರು ಮೊದಲು ಯಂತ್ರ ಕೊಂಡು ಆಮೇಲೆ ಕಿಟಕಿ ನೋಡಿರುತ್ತಾರೆ. ಕೆಳಗಿನ ಹಂತಗಳಲ್ಲಿ ಮೊದಲ ಐದನ್ನು ಯಂತ್ರಕ್ಕೆ ಒಂದು ರೂಪಾಯಿ ಖರ್ಚಾಗುವ ಮೊದಲೇ ಮುಗಿಸಬೇಕು.

ಕೈಗೆ ಬೇಕಾದವು ಇಷ್ಟೆ: ಅಳತೆಯ ಟೇಪು, ಟಾರ್ಚು, ಒಂದೆರಡು ಊದುಬತ್ತಿ, ಫೋಮ್ ಟೇಪು, ಮಾಸ್ಕಿಂಗ್ ಟೇಪು, ಮತ್ತು ಅಳತೆ ಬರೆದಿಡಲು ಒಂದು ಚೀಟಿ. ಡ್ರಿಲ್ ಬೇಡ. ಡ್ರಿಲ್ ಬೇಕಾಗುವ ಹಾಗಿದ್ದರೆ ಈ ಯಂತ್ರದ ಅಗತ್ಯವೇ ಇರಲಿಲ್ಲ.

## ಹಂತ 1: ಇದು ನಿಮಗೆ ಬೇಕಾದ ಯಂತ್ರವೇ ಎಂದು ನಿರ್ಧರಿಸಿ

ಇದರ ದೊಡ್ಡ ಅನುಕೂಲ ಒಂದೇ. ಗೋಡೆಗೆ ತೂತು ಬೀಳುವುದಿಲ್ಲ. ಸ್ಪ್ಲಿಟ್ ಎಸಿಗೆ ಗೋಡೆಯಲ್ಲಿ ಎರಡೂವರೆ ಮೂರು ಇಂಚಿನ ತೂತು ಬೇಕು, ಹೊರಗಿನ ಪೆಟ್ಟಿಗೆಗೆ ಜಾಗ ಬೇಕು, ಮನೆ ಬದಲಿಸುವಾಗ ಬಿಚ್ಚಿ ಮತ್ತೆ ಕೂರಿಸಲು, ಗ್ಯಾಸ್ ತುಂಬಿಸಲು ಸಾವಿರಾರು ರೂಪಾಯಿ ಬೇಕು. ಹನ್ನೊಂದು ತಿಂಗಳ ಕರಾರಿನಲ್ಲಿ ಬದುಕುವವರಿಗೆ ಇದು ಸಣ್ಣ ಮಾತಲ್ಲ.

ಉಳಿದದ್ದೆಲ್ಲ ಅನಾನುಕೂಲವೇ, ಮುಚ್ಚಿಡುವುದೇಕೆ? ಅದೇ ತಂಪಿಗೆ ಇದು ಸ್ಪ್ಲಿಟ್‌ಗಿಂತ ಸಾಕಷ್ಟು ಹೆಚ್ಚು ವಿದ್ಯುತ್ ತಿನ್ನುತ್ತದೆ. ಕಂಪ್ರೆಸರ್ ಕೋಣೆಯೊಳಗೇ ಇರುವುದರಿಂದ ಸದ್ದು ಜಾಸ್ತಿ, ತಲೆದಿಂಬಿನಿಂದ ನಾಲ್ಕಡಿ ದೂರದಲ್ಲಿ ಹಳೆಯ ಫ್ರಿಜ್ಜೊಂದು ಇಡೀ ರಾತ್ರಿ ಗುರುಗುಟ್ಟಿದಂತೆ. ತೂಕ ಮೂವತ್ತು ಕಿಲೋ ಮೀರುತ್ತದೆ. ಚಕ್ರಗಳಿವೆ ನಿಜ, ಆದರೆ ಅವು ನೆಲಕ್ಕೆ ಹೊರತು ಮೆಟ್ಟಿಲಿಗಲ್ಲ.

ಹಾಗಾದರೆ ಇದು ಯಾರಿಗೆ? ನೂರು ನೂರಿಪ್ಪತ್ತು ಚದರಡಿಯ ಒಂದೇ ಮಲಗುವ ಕೋಣೆ ತಂಪಾದರೆ ಸಾಕೆನ್ನುವವರಿಗೆ, ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ಬಳಸುವವರಿಗೆ, ಬೆಂಗಳೂರಿನ ಮೇಲ್ಮಹಡಿಯ ಮನೆಗಳಲ್ಲಿ ರಾತ್ರಿ ಹನ್ನೊಂದಾದರೂ ತಾರಸಿ ಕಾರುವ ಬಿಸಿಗೆ ನಿದ್ದೆ ಬಾರದವರಿಗೆ. ಹಾಲ್ ತಂಪು ಮಾಡಲು ಹೊರಟವರು ಇಲ್ಲಿಗೇ ನಿಲ್ಲಿಸಿ.

ಕಲಬುರಗಿ, ರಾಯಚೂರು, ವಿಜಯಪುರದ ಕಡೆಯವರು ಮೊದಲು ಏರ್ ಕೂಲರ್ ಪ್ರಯತ್ನಿಸಿ. ಆ ಒಣ ಬಿಸಿಲಿಗೆ ನೀರು ಆವಿಯಾಗುವ ತಂಪು ಚೆನ್ನಾಗಿ ಒಗ್ಗುತ್ತದೆ, ವಿದ್ಯುತ್ತೂ ಎಷ್ಟೋ ಕಡಿಮೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಕೂಲರ್ ಹಚ್ಚಿದರೆ ಇರುವ ತೇವಕ್ಕೆ ಇನ್ನಷ್ಟು ತೇವ ಸೇರುತ್ತದೆ. ಅಲ್ಲಿ ಎಸಿಯೇ ಬೇಕು.

## ಹಂತ 2: ಕಿಟಕಿಯನ್ನು ಅಳೆಯಿರಿ

ಬಿಸಿಗಾಳಿಯ ಪೈಪಿನ ದಪ್ಪ ಸಾಮಾನ್ಯವಾಗಿ ಐದರಿಂದ ಆರು ಇಂಚು, ಉದ್ದ ಸುಮಾರು ಐದು ಅಡಿ. ಈಗ ನಿಮ್ಮ ಕಿಟಕಿಯ ಗ್ರಿಲ್ ನೋಡಿ. ಎರಡು ಸರಳುಗಳ ನಡುವೆ ನಾಲ್ಕು ಇಂಚು ಜಾಗ ಸಿಕ್ಕರೆ ಹೆಚ್ಚು. ಪೈಪು ತೂರುವುದಿಲ್ಲ. ಅಲ್ಲಿಗೆ ಅರ್ಧ ಜನರ ಕಥೆ ಮುಗಿಯಿತು.

ನಾನೂ ಆ ಅರ್ಧದಲ್ಲಿದ್ದವನೇ. ಮೊದಲ ವರ್ಷ ಪೈಪನ್ನು ಹಾಲಿಗೆ ಬಿಟ್ಟು ಕೋಣೆಯ ಬಾಗಿಲನ್ನು ಬಟ್ಟೆ ತುರುಕಿ ಮುಚ್ಚಿದೆ. ಒಂದು ಗಂಟೆಯಲ್ಲಿ ಹಾಲ್ ರೊಟ್ಟಿಯ ಒಲೆಯಂತಾಯಿತು, ಅದರ ಬಿಸಿ ಗೋಡೆ ದಾಟಿ ಕೋಣೆಗೇ ವಾಪಸು ಬಂತು. ದುಡ್ಡು ಕೊಟ್ಟು ಹೀಟರ್ ತಂದಂತಾಯಿತು ಎಂದು ಮನೆಯಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ನೋಡಬೇಕಾದ್ದು ಮೂರು ಸಂಗತಿ. ಕಿಟಕಿ ಸರಿಯುವುದೋ, ಕದ ತೆರೆಯುವುದೋ? ಗ್ರಿಲ್ ಗಾಜಿನ ಒಳಗಿದೆಯೋ ಹೊರಗಿದೆಯೋ? ಸರಳುಗಳ ನಡುವಿನ ಅತಿ ದೊಡ್ಡ ಜಾಗ ಎಷ್ಟು?

ಸ್ಲೈಡಿಂಗ್ ಕಿಟಕಿ ಇದ್ದು, ಗ್ರಿಲ್ ಗಾಜಿನ ಹೊರಗಿದ್ದರೆ ನೀವು ಪುಣ್ಯವಂತರು. ಡಬ್ಬಿಯಲ್ಲಿ ಕೊಡುವ, ಪೈಪಿಗೆ ತೂತಿರುವ ಕಿಟಕಿ ಪಟ್ಟಿ ಇಂಥ ಕಿಟಕಿಗೆಂದೇ ಇರುವುದು. ಪೈಪಿನ ಬಾಯಿ ಸರಳಿಗೆ ತಾಗುವ ತನಕ ಹೋಗಿ ನಿಂತರೆ ಸಾಕು, ಗಾಳಿ ಸರಳುಗಳ ನಡುವೆ ಹಾಯ್ದು ಹೋಗುತ್ತದೆ. ಗ್ರಿಲ್ ಒಳಗಿದ್ದರೆ ತುದಿ ಚಪ್ಪಟೆಯಾಗಿರುವ ಬಾಯಿ ಬೇಕು. ಅದರ ಅಗಲವನ್ನು ಅಂಗಡಿಯಲ್ಲೇ ಟೇಪು ಹಿಡಿದು ನೋಡಿ.

ಹಳೆಯ ಬಡಾವಣೆಗಳ ಮರದ ಕದದ ಕಿಟಕಿಗಳಿಗೆ ಡಬ್ಬಿಯ ಪಟ್ಟಿ ಕೂರುವುದೇ ಇಲ್ಲ. ಅಲ್ಲಿ ಹಲಗೆ ಮಾಡಿಸಬೇಕು. ಅದನ್ನು ಏಳನೆಯ ಹಂತದಲ್ಲಿ ಹೇಳಿದ್ದೇನೆ.

ಅಳತೆಯನ್ನು ಒಂದೇ ಕಡೆ ತೆಗೆಯಬೇಡಿ. ಮೇಲೆ, ನಡುವೆ, ಕೆಳಗೆ ಮೂರು ಕಡೆ ತೆಗೆಯಿರಿ. ಬಾಡಿಗೆಗೆಂದೇ ಕಟ್ಟಿದ ಮನೆಗಳ ಕಿಟಕಿ ಚೌಕಟ್ಟು ನೆಟ್ಟಗಿದ್ದರೆ ಅದೇ ಆಶ್ಚರ್ಯ.

## ಹಂತ 3: ಪ್ಲಗ್ ಪಾಯಿಂಟ್ ಪರೀಕ್ಷಿಸಿ

ಒಂದು ಟನ್ನಿನ ಪೋರ್ಟಬಲ್ ಎಸಿ ಸುಮಾರು 1,100ರಿಂದ 1,400 ವ್ಯಾಟ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಸಾಕೆಟ್ 6 ಆಂಪಿಯರಿನದು, 230 ವೋಲ್ಟಿನಲ್ಲಿ ಅದರ ಮಿತಿಯೇ 1,380 ವ್ಯಾಟ್. ಗಂಟೆಗಟ್ಟಲೆ ಆ ಅಂಚಿನಲ್ಲಿ ಓಡಿಸಿದರೆ ಪ್ಲಾಸ್ಟಿಕ್ ಕರಗಬಹುದು. ಬೇಕಾಗಿರುವುದು ದಪ್ಪ ಮೂರು ಪಿನ್ನಿನ 16 ಆಂಪಿಯರ್ ಪವರ್ ಪಾಯಿಂಟ್, ಅದರ ಹಿಂದೆ ಅದಕ್ಕೆ ತಕ್ಕ ದಪ್ಪದ ತಾಮ್ರದ ತಂತಿ, ಕೆಲಸ ಮಾಡುವ ಅರ್ತಿಂಗ್.

ಎಷ್ಟೋ ಬಾಡಿಗೆ ಮನೆಗಳಲ್ಲಿ ಇಂಥ ಪಾಯಿಂಟ್ ಇರುವುದು ಬಚ್ಚಲ ಗೀಸರಿಗೆ ಮತ್ತು ಅಡುಗೆಮನೆಗೆ ಮಾತ್ರ. ಆಗ ಜನ ಮಾಡುವ ತಪ್ಪು ಎರಡು. ದಪ್ಪ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಇಳಿಸುವ ಕನ್ವರ್ಟರ್ ತರುವುದು ಒಂದು, ಅಡುಗೆಮನೆಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆಯುವುದು ಇನ್ನೊಂದು. ಎರಡೂ ಬೇಡ. ಎಲೆಕ್ಟ್ರಿಷಿಯನ್ ಕರೆಸಿ ಕೋಣೆಗೆ ಪ್ರತ್ಯೇಕ ತಂತಿ ಎಳೆಸಿ, ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚು) ಹಾಕಿಸಿ. ಗೋಡೆ ಕೊರೆಯದೆ ಪಟ್ಟಿಯೊಳಗೆ ತಂತಿ ಓಡಿಸಲು ಬರುತ್ತದೆ. ಆದರೂ ಇದಕ್ಕೆ ಮಾಲೀಕರ ಒಪ್ಪಿಗೆ ಬೇಕು.

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ, ಅದನ್ನೂ ನೋಡಿ. ಕಡಿಮೆ ಲೋಡಿನ ಮನೆಯಲ್ಲಿ ಬೆಳಗ್ಗೆ ಗೀಸರ್, ಇಸ್ತ್ರಿ ಪೆಟ್ಟಿಗೆ, ಎಸಿ ಮೂರೂ ಒಟ್ಟಿಗೆ ಹಚ್ಚುವ ಆಸೆ ಬಿಡಬೇಕು. ಇನ್ನೊಂದು ಮಾತು: ಫ್ಯಾನು ಲೈಟಿಗೆಂದು ಮನೆಯಲ್ಲಿರುವ ಯುಪಿಎಸ್ ಇದನ್ನು ಎತ್ತುವುದಿಲ್ಲ.

## ಹಂತ 4: ಬಿಲ್ಲಿನ ಲೆಕ್ಕ ಹಾಕಿ

ಕರ್ನಾಟಕದ ಬಾಡಿಗೆದಾರರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರೂ ಇದ್ದಾರೆ. ನಿಮಗೆ ಸಿಗುವ ಉಚಿತ ಯೂನಿಟ್ಟು ಹಿಂದಿನ ಸರಾಸರಿಯ ಮೇಲೆ ನಿಂತಿದೆ. ಅದನ್ನು ಮೀರಿ 200ರೊಳಗಿದ್ದರೆ ಹೆಚ್ಚುವರಿಯಷ್ಟಕ್ಕೆ ಹಣ. ತಿಂಗಳ ಬಳಕೆ 200 ದಾಟಿತೋ, ಮೊದಲ ಯೂನಿಟ್ಟಿನಿಂದ ಇಡೀ ಬಿಲ್ಲು ನಿಮ್ಮದೇ.

ಎಸಿ 1.2 ಕಿಲೋವ್ಯಾಟ್ ಎಳೆಯುತ್ತದೆ, ರಾತ್ರಿ ಆರು ಗಂಟೆ ಕಂಪ್ರೆಸರ್ ಓಡುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 7.2 ಯೂನಿಟ್, ತಿಂಗಳಿಗೆ 216. ಫ್ರಿಜ್ಜು, ಫ್ಯಾನು, ಟಿವಿ ಲೆಕ್ಕಕ್ಕೆ ಬರುವ ಮೊದಲೇ ಗೆರೆ ದಾಟಿಯಾಯಿತು. ಹಾಗಾಗಿ ಎಸಿಯ ನಿಜವಾದ ಖರ್ಚು ಆ 216 ಯೂನಿಟ್ಟಿನದಷ್ಟೇ ಅಲ್ಲ. ಇಷ್ಟು ದಿನ ಸೊನ್ನೆ ಇದ್ದ ಬಿಲ್ಲೂ ಅದಕ್ಕೆ ಸೇರುತ್ತದೆ. ದಿನಕ್ಕೆ ಮೂರು ಗಂಟೆ ಮಾತ್ರ ಓಡುವಂತೆ ಟೈಮರ್ ಇಟ್ಟರೆ ತಿಂಗಳಿಗೆ 108 ಯೂನಿಟ್, ಮನೆಯ ಉಳಿದ ಬಳಕೆ ತೊಂಬತ್ತರೊಳಗಿದ್ದರೆ ಗೆರೆಯ ಈಚೆ ಉಳಿಯುತ್ತೀರಿ. ನಾನು ನನ್ನ ಮನೆಯಲ್ಲಿ ಮಾಡಿಕೊಂಡಿರುವುದೂ ಇದನ್ನೇ: ಹತ್ತೂವರೆಗೆ ಹಚ್ಚಿದರೆ ಒಂದೂವರೆಗೆ ತಾನಾಗಿ ಆರುತ್ತದೆ.

ಮಾಲೀಕರು ಸಬ್‌ಮೀಟರ್ ಇಟ್ಟು ಯೂನಿಟ್ಟಿಗೆ ತಾವೇ ದರ ಕಟ್ಟುವ ಮನೆಗಳಲ್ಲಿ ಆ ದರವನ್ನು ಮೊದಲೇ ಕೇಳಿಕೊಳ್ಳಿ.

## ಹಂತ 5: ಮಾಲೀಕರಿಗೆ ತಿಳಿಸಿ, ಬರಹದಲ್ಲಿ

ಗೋಡೆ ಮುಟ್ಟದ ಯಂತ್ರಕ್ಕೆ ಒಪ್ಪಿಗೆ ಯಾಕೆ ಎಂದು ಕೇಳಬಹುದು. ಅಡ್ವಾನ್ಸ್ ಅವರ ಕೈಯಲ್ಲಿದೆ, ಅದಕ್ಕೆ. ಕಿಟಕಿಗೆ ಹಲಗೆ ಕೂರಿಸಿದ್ದು, ಹೊರಗಿನಿಂದ ಕಾಣುವ ಪೈಪು, ಕೆಳಮನೆಯವರ ತಲೆ ಮೇಲೆ ಬೀಳುವ ನೀರು, ಇವೆಲ್ಲ ಮನೆ ಬಿಡುವ ದಿನ ಲೆಕ್ಕಕ್ಕೆ ಬರುತ್ತವೆ.

‘ಅಂಕಲ್, ಬೇಸಿಗೆಗೆ ಪೋರ್ಟಬಲ್ ಎಸಿ ಇಡುತ್ತಿದ್ದೇವೆ, ಗೋಡೆಗೆ ಮೊಳೆ ಹೊಡೆಯುವುದಿಲ್ಲ, ಕಿಟಕಿಗೆ ಬಿಚ್ಚಬಹುದಾದ ಹಲಗೆ ಕೂರಿಸುತ್ತೇವೆ, ಪವರ್ ಪಾಯಿಂಟ್ ಒಂದು ಹಾಕಿಸಬೇಕು’ ಎಂದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಅವರ ಉತ್ತರವನ್ನು ಉಳಿಸಿಕೊಳ್ಳಿ. ಕಿಟಕಿಯ ಫೋಟೊಗಳನ್ನು ಅಂದೇ ತೆಗೆದಿಡಿ. ಪವರ್ ಪಾಯಿಂಟಿನ ಖರ್ಚು ಯಾರದು ಎಂಬುದೂ ಆಗಲೇ ತೀರ್ಮಾನವಾಗಲಿ. ಮನೆ ಬಿಟ್ಟ ಮೇಲೂ ಅದು ಅವರ ಗೋಡೆಯಲ್ಲೇ ಉಳಿಯುವುದರಿಂದ ಅರ್ಧ ಕೇಳುವುದರಲ್ಲಿ ತಪ್ಪಿಲ್ಲ.

## ಹಂತ 6: ಈಗ ಯಂತ್ರ ಕೊಳ್ಳಿ

ಟನ್ನಿನ ಅಂಕಿಯನ್ನು ಪೂರ್ತಿ ನಂಬಬೇಡಿ. ಒಂದೇ ಪೈಪಿನ ಯಂತ್ರ ತಾನು ತಂಪು ಮಾಡಿದ ಕೋಣೆಯ ಗಾಳಿಯನ್ನೇ ಎಳೆದು, ಬಿಸಿ ಮಾಡಿ ಹೊರಗೆ ದಬ್ಬುತ್ತದೆ. ಅಷ್ಟೇ ಗಾಳಿ ಹೊರಗಿನಿಂದ ಸಂದಿಗಳ ಮೂಲಕ ಒಳಗೆ ನುಗ್ಗುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಇಂಥ ಡಬ್ಬಿಗಳ ಮೇಲೆ ಎರಡು ಅಂಕಿ ನೋಡಿರುತ್ತಾರೆ. ಹಳೆಯ ಪದ್ಧತಿಯಲ್ಲಿ 14,000 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ) ಎಂದಿದ್ದದ್ದು ಈ ಸೋರಿಕೆಯನ್ನು ಕಳೆದ ಮೇಲೆ 10,000ದ ಆಸುಪಾಸಿಗೆ ಇಳಿದಿರುತ್ತದೆ. ಕೊಳ್ಳಬೇಕಾದ್ದು ಆ ಸಣ್ಣ ಅಂಕಿ ನೋಡಿ. ನಮ್ಮಲ್ಲಿ ಒಂದು ಟನ್ ಎಂದರೆ 12,000 ಬಿಟಿಯು. ಪೋರ್ಟಬಲ್‌ನಲ್ಲಿ ಅದನ್ನು ಮುಕ್ಕಾಲು ಟನ್ನೆಂದು ತಿಳಿದು ಕೋಣೆಗೆ ಹೊಂದಿಸಿ.

ಎರಡು ಪೈಪಿನ ಮಾದರಿ ಹೊರಗಿನ ಗಾಳಿಯನ್ನೇ ತಂದು ಹೊರಗೇ ಬಿಡುವುದರಿಂದ ಈ ತೊಂದರೆ ಕಡಿಮೆ. ಸಿಕ್ಕರೆ ಅದನ್ನೇ ಕೊಳ್ಳಿ, ನಮ್ಮ ಅಂಗಡಿಗಳಲ್ಲಿ ಅಪರೂಪ.

ಕೂಲರನ್ನೇ ‘ಪೋರ್ಟಬಲ್ ಎಸಿ’ ಎಂದು ಮಾರುವವರಿದ್ದಾರೆ, ಆನ್‌ಲೈನಿನಲ್ಲಂತೂ ಬೇಕಾದಷ್ಟು. ನೀರು, ಐಸ್ ತುಂಬಿಸಿ ಎಂದಿದ್ದು, ಬಿಸಿಗಾಳಿಯ ಪೈಪೇ ಇಲ್ಲದಿದ್ದರೆ ಅದು ಎಸಿ ಅಲ್ಲ. ಮೂರು ಸಾವಿರಕ್ಕೆ ಮೇಜಿನ ಮೇಲೆ ಕೂರುವ ಎಸಿ ಎಂಬುದೊಂದು ಇಲ್ಲ.

## ಹಂತ 7: ಹಲಗೆ ಕೂರಿಸಿ, ಪೈಪು ಜೋಡಿಸಿ

ಅವಸರ ಮಾಡಬಾರದ ಹಂತ ಇದು. ಯಂತ್ರ ಮಲಗಿಸಿಕೊಂಡು ಬಂದಿದ್ದರೆ ಮೊದಲು ಅದನ್ನು ನೆಟ್ಟಗೆ ನಿಲ್ಲಿಸಿ. ಕಂಪ್ರೆಸರಿನ ಎಣ್ಣೆ ಕೆಳಗಿಳಿಯಲು ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಬಿಡಿ. ಒಂದು ರಾತ್ರಿ ಬಿಟ್ಟರೆ ನಿಶ್ಚಿಂತೆ.

ಹಲಗೆಗೆ ರಟ್ಟು ಬೇಡ, ಏಪ್ರಿಲ್ ಕೊನೆಯ ಒಂದೇ ಗುಡುಗು ಮಳೆಗೆ ಮೆತ್ತಗಾಗುತ್ತದೆ. ಥರ್ಮೊಕೋಲ್ ಪುಡಿಯಾಗುತ್ತದೆ. ಬೋರ್ಡ್ ಬರೆಯುವವರ ಅಂಗಡಿಯಲ್ಲಿ ಸಿಗುವ ಸನ್‌ಬೋರ್ಡ್ ಅಥವಾ ಅಕ್ರಿಲಿಕ್ ಒಳ್ಳೆಯದು, ಪೈಪಿನ ಬಾಯಿಯ ಅಳತೆ ಕೊಟ್ಟರೆ ತೂತನ್ನೂ ಅವರೇ ಕತ್ತರಿಸಿ ಕೊಡುತ್ತಾರೆ. ಮೂರು ಅಳತೆಗಳಲ್ಲಿ ಚಿಕ್ಕದನ್ನು ಹಿಡಿದು, ಅದಕ್ಕಿಂತ ಎರಡು ಮೂರು ಮಿಲಿಮೀಟರ್ ಕಡಿಮೆ ಕತ್ತರಿಸಿ. ಉಳಿದ ಸಂದಿಯನ್ನು ಅಂಚಿಗೆ ಅಂಟಿಸಿದ ಫೋಮ್ ಟೇಪು ತುಂಬುತ್ತದೆ.

ಬಣ್ಣದ ಮೇಲೆ ನೇರವಾಗಿ ಅಂಟು ಹಚ್ಚಬೇಡಿ. ಮೊದಲು ಮಾಸ್ಕಿಂಗ್ ಟೇಪು, ಅದರ ಮೇಲೆ ಅಂಟು. ಜೂನ್‌ನಲ್ಲಿ ಬಿಚ್ಚುವಾಗ ಬಣ್ಣದ ಸಿಪ್ಪೆ ಎದ್ದು ಬಂದರೆ ಪೇಂಟಿಂಗ್ ಖರ್ಚಿಗೆ ಅದೇ ನೆಪವಾಗುತ್ತದೆ.

ಪೈಪನ್ನು ಆದಷ್ಟು ಗಿಡ್ಡವಾಗಿ, ನೆಟ್ಟಗೆ ಇಡಿ. ಯಂತ್ರ ಕಿಟಕಿಯ ಬಳಿಗೆ ಹೋಗಬೇಕೇ ಹೊರತು ಪೈಪು ಯಂತ್ರದ ಬಳಿಗೆ ಎಳೆದಾಡಿಕೊಂಡು ಬರಬಾರದು. ಬೇರೆ ಪೈಪು ಸೇರಿಸಿ ಉದ್ದ ಮಾಡಿದರೆ ಬಿಸಿ ಹೊರಹೋಗದೆ ಯಂತ್ರ ತಾನೇ ಬೆಂದು ನಿಲ್ಲುತ್ತದೆ. ಚಾಲೂ ಆದ ಹತ್ತು ನಿಮಿಷಕ್ಕೆ ಪೈಪು ಮುಟ್ಟಿ ನೋಡಿ: ಕಾಫಿ ಲೋಟದಷ್ಟು ಬಿಸಿ. ಐದಡಿಯ ಆ ಬಿಸಿ ಕೊಳವೆ ಕೋಣೆಯೊಳಗೇ ಇದೆ. ಬೆಳ್ಳಿ ಬಣ್ಣದ ಗುಳ್ಳೆ ಹಾಳೆಯ ಉಷ್ಣನಿರೋಧಕ ಸಿಗುತ್ತದೆ, ಸುತ್ತಿಬಿಡಿ. ಯಂತ್ರದ ಹಿಂದೆ ಗಾಳಿ ಎಳೆಯುವ ಜಾಲರಿ ಮಾತ್ರ ಮುಚ್ಚಬಾರದು, ಪರದೆಯೂ ತಾಗಬಾರದು.

ಕಿಟಕಿ ಅರ್ಧ ತೆರೆದಂತೆಯೇ ಇರುವುದರಿಂದ ಗಾಜು ಸರಿಯದ ಹಾಗೆ ಹಳಿಯೊಳಗೆ ಮರದ ಪಟ್ಟಿಯೊಂದನ್ನು ಅಡ್ಡ ಇಡಿ. ಪೈಪಿನ ಹೊರಬಾಯಿಗೆ ಅಗಲ ಕಣ್ಣಿನ ಜಾಲರಿ ಇರಲಿ. ಬಳಸದ ದಿನಗಳಲ್ಲಿ ಪೈಪು ಹಲ್ಲಿಗಳ ರಾಜಬೀದಿ.

## ಹಂತ 8: ನೀರಿಗೆ ದಾರಿ ಮಾಡಿ

ಗಾಳಿಯ ತೇವ ನೀರಾಗಿ ತಳಕ್ಕೆ ಇಳಿಯುತ್ತದೆ. ಬಹಳಷ್ಟು ಯಂತ್ರಗಳು ಅದನ್ನು ಬಿಸಿಗಾಳಿಯ ಜೊತೆಗೇ ಆವಿ ಮಾಡಿ ಕಳಿಸುತ್ತವೆ. ಬೆಂಗಳೂರಿನ ಮಾರ್ಚ್‌ನಲ್ಲಿ ತೊಟ್ಟಿ ಮುಟ್ಟುವ ಪ್ರಸಂಗವೇ ಬಾರದಿರಬಹುದು. ಕರಾವಳಿಯಲ್ಲಿ ಹಾಗಲ್ಲ. ನಡುರಾತ್ರಿ ತೊಟ್ಟಿ ತುಂಬಿ ಯಂತ್ರ ಬೀಪ್ ಎಂದು ನಿಲ್ಲುತ್ತದೆ, ನಿದ್ದೆಗಣ್ಣಿನಲ್ಲಿ ಎದ್ದು ಬಿರಟೆ ತೆಗೆದರೆ ನೆಲವೆಲ್ಲ ನೀರು.

ತಳದ ಬಿರಟೆ ನೆಲದಿಂದ ಒಂದೆರಡು ಇಂಚು ಎತ್ತರದಲ್ಲಿರುವುದರಿಂದ ಅದರ ಕೆಳಗೆ ಬಕೆಟ್ ಹಿಡಿಸುವುದಿಲ್ಲ, ದೋಸೆ ಹಿಟ್ಟಿನ ಅಗಲ ತಟ್ಟೆ ಹಿಡಿಸುತ್ತದೆ. ಸಣ್ಣ ಪೈಪು ಜೋಡಿಸಿ ಬಚ್ಚಲಿಗೆ ಬಿಡುವವರು ಹೊಸ್ತಿಲನ್ನು ಮರೆಯುತ್ತಾರೆ. ನೀರು ಹೊಸ್ತಿಲು ಹತ್ತುವುದಿಲ್ಲ. ಯಂತ್ರವನ್ನು ಅಲುಗಾಡದ, ಭಾರ ತಡೆಯುವ ಗಿಡ್ಡ ಮಣೆಯ ಮೇಲೆ ಹೊಸ್ತಿಲಿಗಿಂತ ಎತ್ತರದಲ್ಲಿ ನಿಲ್ಲಿಸಿ, ಚಕ್ರಗಳಿಗೆ ತಡೆ ಕೊಡಿ.

## ಹಂತ 9: ಮೊದಲ ರಾತ್ರಿ ಊದುಬತ್ತಿ ಪರೀಕ್ಷೆ

ಕೋಣೆಯ ದೀಪ ಆರಿಸಿ, ಇನ್ನೊಬ್ಬರು ಹೊರಗಿನಿಂದ ಹಲಗೆಯ ಮೇಲೆ ಟಾರ್ಚು ಬಿಡಲಿ. ಬೆಳಕು ಸೋರುವಲ್ಲೆಲ್ಲ ಗಾಳಿಯೂ ಸೋರುತ್ತದೆ. ಮೇಲ್ಮಹಡಿಯಾದರೆ ಹಗಲಿನಲ್ಲಿ ಕೋಣೆ ಕತ್ತಲು ಮಾಡಿ ನೋಡಿದರೂ ನಡೆಯುತ್ತದೆ.

ಆಮೇಲೆ ಎಸಿ ಹಚ್ಚಿ, ಫ್ಯಾನು ಆರಿಸಿ, ಊದುಬತ್ತಿಯನ್ನು ಹಲಗೆಯ ಅಂಚಿನುದ್ದಕ್ಕೂ ನಿಧಾನ ಸರಿಸಿ. ಹೊಗೆ ಒಳಗೆ ಬಾಗಿದಲ್ಲಿ, ನೀವು ಈಗಷ್ಟೇ ಹೊರಗೆ ಹಾಕಿದ ಬಿಸಿಗಾಳಿ ವಾಪಸು ಬರುತ್ತಿದೆ ಎಂದರ್ಥ. ಅಲ್ಲಿ ಇನ್ನೊಂದು ಸುತ್ತು ಫೋಮ್ ಟೇಪು.

ಈಗ ಬಾಗಿಲ ಕೆಳಗೆ ಹಿಡಿಯಿರಿ. ಹೊಗೆ ಅಲ್ಲಿಯೂ ಒಳಗೆ ಬಾಗುತ್ತದೆ, ಜೋರಾಗಿಯೇ. ಎಲ್ಲರೂ ತಕ್ಷಣ ಅಲ್ಲಿಗೂ ಬಟ್ಟೆ ತುರುಕುತ್ತಾರೆ. ಬೇಡ. ಯಂತ್ರ ಹೊರಗೆ ದಬ್ಬಿದಷ್ಟು ಗಾಳಿ ಎಲ್ಲಿಂದಲಾದರೂ ಬರಲೇಬೇಕು. ಬಿಸಿಲಿನ ಗಾಳಿಗಿಂತ ಹಾಲಿನ ನೆರಳಿನ ಗಾಳಿ ತಂಪು, ಅದೇ ಬರಲಿ. ಹಾಲಿನ ಗಾಳಿಯ ಜೊತೆ ಒಗ್ಗರಣೆಯ ಘಾಟೂ ಕೋಣೆಗೆ ಬರುತ್ತದೆ, ಅಡುಗೆ ಮುಗಿದ ಮೇಲೆ ಹಚ್ಚಿದರೆ ಆಯಿತು.

ತಮಾಷೆ ಇಲ್ಲದ ಎಚ್ಚರಿಕೆ ಒಂದಿದೆ. ಕೋಣೆಗೆ ಹೊಂದಿಕೊಂಡ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ, ಅದು ಉರಿಯುವಾಗ ಈ ಎಸಿ ಓಡಬಾರದು. ಹೊರಹೋಗಬೇಕಾದ ಹೊಗೆಯನ್ನು ಎಸಿಯ ಸೆಳೆತ ಒಳಕ್ಕೆ ಎಳೆಯಬಹುದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಕೊನೆಗೆ ಮೀಟರಿನ ಬಳಿ ಹೋಗಿ. ಅದರ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. 3,200 ಎಂದಿದ್ದು, ಕೆಂಪು ದೀಪ ನಿಮಿಷಕ್ಕೆ 64 ಬಾರಿ ಮಿನುಗಿದರೆ ಮನೆ 1.2 ಕಿಲೋವ್ಯಾಟ್ ಎಳೆಯುತ್ತಿದೆ. ಎಸಿ ಆರಿಸಿ ಮತ್ತೆ ಎಣಿಸಿ, ವ್ಯತ್ಯಾಸವೇ ನಿಮ್ಮ ಎಸಿಯ ಪಾಲು. ನಾಲ್ಕನೆಯ ಹಂತದ ಲೆಕ್ಕವನ್ನು ಆ ಅಂಕಿಯಿಂದ ತಿದ್ದಿಕೊಳ್ಳಿ.

26 ಡಿಗ್ರಿಗಿಟ್ಟು ಮೇಲಿನ ಫ್ಯಾನು ಮೆಲ್ಲಗೆ ತಿರುಗಲಿ. 18ಕ್ಕೆ ಇಳಿಸಿದರೆ ಬೇಗ ತಂಪಾಗುವುದಿಲ್ಲ, ಕಂಪ್ರೆಸರ್ ನಿಲ್ಲದೆ ಓಡುತ್ತದೆ ಅಷ್ಟೆ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಿರಿ.

## ತಕ್ಷಣ ಆರಿಸಬೇಕಾದ ಸೂಚನೆಗಳು

ಅರ್ಧ ಗಂಟೆಯ ನಂತರ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಗಮನವಿರಲಿ, ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಮೇನ್ ಆರಿಸಿ ಎಲೆಕ್ಟ್ರಿಷಿಯನ್ ಕರೆಸಿ. ಸುಟ್ಟ ಮೀನಿನಂಥ ವಾಸನೆ ಬಂದರೆ ಅದು ಅಡುಗೆಮನೆಯದಲ್ಲ, ಕಾಯುತ್ತಿರುವ ಪ್ಲಾಸ್ಟಿಕ್ಕಿನದು. ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ಅದನ್ನು ದೊಡ್ಡದಕ್ಕೆ ಬದಲಿಸಿ ಬಾಯಿ ಮುಚ್ಚಿಸಬೇಡಿ, ಹೊರೆ ಹೆಚ್ಚಾಗಿದೆ ಅಥವಾ ಎಲ್ಲೋ ದೋಷವಿದೆ ಎಂದು ಅದು ಹೇಳುತ್ತಿದೆ. ಯಂತ್ರದ ಮೈ ಮುಟ್ಟಿದಾಗ ಚುರ್ ಎಂದರೆ ಅರ್ತಿಂಗ್ ಇಲ್ಲ. ಗಾಳಿ ಬರುತ್ತಿದ್ದು ತಂಪೇ ಇಲ್ಲದಿದ್ದರೆ ಮೊದಲು ಪೈಪು ಮಡಚಿಕೊಂಡಿದೆಯೇ ನೋಡಿ. ಕೆಲವು ಮಾದರಿಗಳಲ್ಲಿ ಬೆಂಕಿ ಹತ್ತುವ ಗ್ಯಾಸ್ ಇರುವುದರಿಂದ ನೀವಾಗಿ ಬಿಚ್ಚುವ ಗೋಜಿಗೆ ಹೋಗಬೇಡಿ.

## ಮನೆ ಬದಲಿಸುವಾಗ

ಹಿಂದಿನ ದಿನ ತಳದ ನೀರು ಪೂರ್ತಿ ಬಸಿದು, ಬರೀ ಫ್ಯಾನಿನಲ್ಲಿ ಒಂದು ಗಂಟೆ ಓಡಿಸಿ ಒಳಗೆ ಒಣಗಿಸಿ, ಇಲ್ಲದಿದ್ದರೆ ಮುಂದಿನ ಬೇಸಿಗೆಗೆ ಮುಗ್ಗಲು ವಾಸನೆ. ಟೆಂಪೊದಲ್ಲಿ ನಿಲ್ಲಿಸಿಯೇ ಸಾಗಿಸಿ, ಹಗ್ಗ ಬಿಗಿಯಿರಿ. ಡಬ್ಬಿ ಮತ್ತು ಒಳಗಿನ ಥರ್ಮೊಕೋಲನ್ನು ಅಟ್ಟದ ಮೇಲೆ ಉಳಿಸಿಕೊಂಡಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ. ಕಿಟಕಿಯ ಹಲಗೆ ಹೊಸ ಮನೆಗೆ ಹೊಂದುವುದು ಅಪರೂಪ, ಆದರೂ ಎಸೆಯಬೇಡಿ, ದೊಡ್ಡದಿದ್ದರೆ ಕತ್ತರಿಸಬಹುದು. ಮತ್ತು ಹೊಸ ಮನೆ ನೋಡಲು ಹೋಗುವಾಗ ಜೇಬಿನಲ್ಲಿ ಅಳತೆಯ ಟೇಪು ಇರಲಿ. ಮಾಲೀಕರು ಕಾವೇರಿ ನೀರಿನ ಬಗ್ಗೆ ಹೇಳುತ್ತಿರುವಾಗಲೇ ಮಲಗುವ ಕೋಣೆಗೆ ಹೋಗಿ ಗ್ರಿಲ್ಲಿನ ಸರಳುಗಳ ನಡುವೆ ಹಿಡಿದು ನೋಡಿಬಿಡಿ.